ಬೆಳಕು ತಳ್ಳಿದರೆ ಎಲೆಕ್ಟ್ರಾನ್ ಓಡುತ್ತದೆಯೇ?

ಕಳೆದ ಸಂಚಿಕೆಯಲ್ಲಿ ಕಣ ವೇಗವರ್ಧಕಗಳೊಳಗೆ ಲೇಸರ್ ಬೆಳಕೂ ಎಲೆಕ್ಟ್ರಾನ್ ಕಿರಣವೂ ಎದುರುಬದುರಾಗುವ ಬಗ್ಗೆ ಒಂದು ಪುಟ ಬರೆದಿದ್ದೆ. ಬಂದ ಪತ್ರಗಳಲ್ಲಿ ಒಂದು ನನ್ನ ತಪ್ಪನ್ನು ಎತ್ತಿ ತೋರಿಸಿದೆ. ನ್ಯಾಯವಾಗಿ ಅದರಿಂದಲೇ ಆರಂಭಿಸಬೇಕು. ಆದರೆ ಮೊದಲ ಪ್ರಶ್ನೆಗೆ ಉತ್ತರ ಹೇಳದೆ ಆ ತಪ್ಪು ಎಲ್ಲಿಂದ ಬಂತೆಂದು ವಿವರಿಸಲಾಗದು. ಹಾಗಾಗಿ ಅದಕ್ಕೆ ಎರಡನೆಯ ಸ್ಥಾನ.

ಪ್ರಶ್ನೆ: ಲೇಸರ್ ಅಷ್ಟು ಪ್ರಬಲವಾದ ಬೆಳಕು. ಎಲೆಕ್ಟ್ರಾನಿನ ಬೆನ್ನ ಹಿಂದಿನಿಂದ ಅದನ್ನು ಹಾಯಿಸಿ ತಳ್ಳಿದರೆ ಸಾಲದೇ? ಕಿಲೋಮೀಟರುಗಟ್ಟಲೆ ಉದ್ದದ ಯಂತ್ರ ಏಕೆ ಬೇಕು? (ಬಿ.ಎಸ್‌ಸಿ. ವಿದ್ಯಾರ್ಥಿ)

ಉತ್ತರ: ಈ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಾನೂ ಇದನ್ನೇ ಕೇಳಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಉತ್ತರ ಹೇಳದೆ ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು ಹೋದರು. ನಿಮಗೂ ಅದನ್ನೇ ಕೊಡುತ್ತೇನೆ, ಆದರೆ ಲೆಕ್ಕ ಮಾಡಿಕೊಟ್ಟು.

ಬೆಳಕಿನ ವಿದ್ಯುತ್ ಕ್ಷೇತ್ರ ಬೆಳಕು ಸಾಗುವ ದಿಕ್ಕಿಗೆ ಅಡ್ಡವಾಗಿರುತ್ತದೆ. ಹಿಂದಿನಿಂದ ಬಂದ ಬೆಳಕು ಎಲೆಕ್ಟ್ರಾನನ್ನು ಮುಂದಕ್ಕೆ ತಳ್ಳುವ ಬದಲು ಪಕ್ಕಕ್ಕೆ ಅಲುಗಿಸುತ್ತದೆ. ಕಿರಣವನ್ನು ಮಸೂರದಿಂದ ಚಿಕ್ಕ ಚುಕ್ಕೆಗೆ ಇಳಿಸಿದರೆ ಮುಂದಕ್ಕೆ ತಳ್ಳುವ ಅಂಶ ಸ್ವಲ್ಪ ಹುಟ್ಟಿಕೊಳ್ಳುತ್ತದೆ, ನಿಜ. ಆಗ ಇನ್ನೊಂದು ತೊಡಕು. 5 ಕೋಟಿ ಎಲೆಕ್ಟ್ರಾನ್-ವೋಲ್ಟ್ ಶಕ್ತಿಯ ಎಲೆಕ್ಟ್ರಾನನ್ನು ತೆಗೆದುಕೊಳ್ಳಿ (ಒಂದು ವೋಲ್ಟ್ ದಾಟಿದ ಎಲೆಕ್ಟ್ರಾನ್ ಗಳಿಸುವ ಶಕ್ತಿಯೇ ಒಂದು ಎಲೆಕ್ಟ್ರಾನ್-ವೋಲ್ಟ್). ಅದರ ವೇಗ ಬೆಳಕಿಗಿಂತ ಸುಮಾರು 19 ಸಾವಿರದಲ್ಲಿ ಒಂದು ಪಾಲು ಮಾತ್ರ ಕಡಿಮೆ. ನಗಣ್ಯ ಎನ್ನಿಸುತ್ತದೆ. ಆದರೆ ಲೇಸರಿನ ತರಂಗದೂರ 1 ಮೈಕ್ರೊಮೀಟರ್ ಎಂದರೆ, ಎಲೆಕ್ಟ್ರಾನ್ ಒಂದು ಸೆಂಟಿಮೀಟರ್ ಸಾಗುವಷ್ಟರಲ್ಲಿ ಬೆಳಕು ಅದನ್ನು ಅರ್ಧ ಅಲೆಯಷ್ಟು ಹಿಂದೆ ಹಾಕಿರುತ್ತದೆ. ಅರ್ಧ ಅಲೆ ದಾಟಿದರೆ ಕ್ಷೇತ್ರದ ದಿಕ್ಕು ತಿರುಗುಮುರುಗು. ಮೊದಲ ಸೆಂಟಿಮೀಟರಿನಲ್ಲಿ ತಳ್ಳಿದ್ದನ್ನು ಎರಡನೆಯ ಸೆಂಟಿಮೀಟರಿನಲ್ಲಿ ಎಳೆದುಕೊಳ್ಳುತ್ತದೆ. ಕೊನೆಗೆ ಕೂಡಿ ಕಳೆದರೆ ಸೊನ್ನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇದಕ್ಕೆ ಲಾಸನ್–ವುಡ್‌ವರ್ಡ್ ಪ್ರಮೇಯ ಎಂಬ ಹೆಸರಿದೆ. ನನಗೆ ಆ ಪ್ರಮೇಯಕ್ಕಿಂತ ಅದರ ಷರತ್ತುಗಳೇ ಹೆಚ್ಚು ಇಷ್ಟ. ನಿರ್ವಾತವಿರಬೇಕು, ಹತ್ತಿರದಲ್ಲಿ ಗೋಡೆಯಾಗಲಿ ಬೇರೆ ವಸ್ತುವಾಗಲಿ ಇರಬಾರದು, ಬೇರೆ ಕಾಂತಕ್ಷೇತ್ರ ಇರಬಾರದು, ಎಲೆಕ್ಟ್ರಾನ್ ನೇರ ಗೆರೆಯಲ್ಲಿ ಸಾಗಬೇಕು, ಭೇಟಿ ಆದಿಯಿಂದ ಅಂತ್ಯದವರೆಗೂ ಪೂರ್ತಿಯಾಗಬೇಕು. ಇಷ್ಟೂ ಇದ್ದರೆ ಮಾತ್ರ ಲಾಭ ಸೊನ್ನೆ. ಒಂದೊಂದು ಷರತ್ತನ್ನು ಮುರಿದಾಗಲೂ ಒಂದೊಂದು ಯಂತ್ರ ಹುಟ್ಟಿದೆ. ನಿರ್ವಾತದ ಜಾಗಕ್ಕೆ ಪ್ಲಾಸ್ಮಾ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟ ಅನಿಲ, ತಂದರೆ ಒಂದು, ಪಕ್ಕದಲ್ಲಿ ಗಾಜಿನ ಜಾಲರಿ ನಿಲ್ಲಿಸಿದರೆ ಮತ್ತೊಂದು, ಕಾಂತಗಳನ್ನು ಜೋಡಿಸಿದರೆ ಇನ್ನೊಂದು.

ಕಾಂತದ ಉಪಾಯ ಎಲ್ಲಕ್ಕಿಂತ ಸೊಗಸು. ಉತ್ತರ–ದಕ್ಷಿಣ ಧ್ರುವಗಳನ್ನು ಅದಲುಬದಲಾಗಿ ಸಾಲಾಗಿ ಇಟ್ಟ ಈ ಸಾಧನಕ್ಕೆ ಅನ್‌ಡ್ಯುಲೇಟರ್ ಎನ್ನುತ್ತಾರೆ. ಇದರೊಳಗೆ ಹೊಕ್ಕ ಎಲೆಕ್ಟ್ರಾನ್ ಎಡಕ್ಕೆ ಬಲಕ್ಕೆ ತೂಗುತ್ತಾ ಸಾಗುತ್ತದೆ. ಬೆಳಕಿನ ಅಡ್ಡ ಕ್ಷೇತ್ರಕ್ಕೆ ಈಗ ಹಿಡಿತ ಸಿಕ್ಕಿತು, ಏಕೆಂದರೆ ಎಲೆಕ್ಟ್ರಾನಿಗೂ ಅಡ್ಡ ಚಲನೆ ಬಂದಿದೆ. ಬೆಳಕು ಅರ್ಧ ಅಲೆ ಮುಂದೆ ಹೋಗುವ ಹೊತ್ತಿಗೆ ಸರಿಯಾಗಿ ಎಲೆಕ್ಟ್ರಾನೂ ತನ್ನ ತೂಗಾಟದ ದಿಕ್ಕನ್ನು ಬದಲಿಸುವಂತೆ ಕಾಂತಗಳ ಅಂತರವನ್ನು ಇಟ್ಟರೆ, ತಳ್ಳುವಿಕೆ ಎಳೆತವಾಗುವುದೇ ಇಲ್ಲ. ಉಯ್ಯಾಲೆ ಹಿಂತಿರುಗಿದಾಗಲೆಲ್ಲ ಕೈ ಅಲ್ಲೇ ಇರುತ್ತದೆ. ಈ ಯಂತ್ರಗಳಲ್ಲಿ ಒಂದು ಪೂರ್ತಿ ತೂಗಾಟದ ಉದ್ದ ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದರೆ ಏಕೆಂದು ಹೊಳೆಯುತ್ತದೆ.

ಹೆಜ್ಜೆಯನ್ನು ಸ್ವಲ್ಪ ಸರಿಸಿದರೆ ಇದೇ ವ್ಯವಹಾರ ಉಲ್ಟಾ ನಡೆಯುತ್ತದೆ: ಎಲೆಕ್ಟ್ರಾನ್ ಕೊಡುತ್ತದೆ, ಬೆಳಕು ಬೆಳೆಯುತ್ತದೆ. ಅದೇ ಮುಕ್ತ ಎಲೆಕ್ಟ್ರಾನ್ ಲೇಸರ್. 1971ರಲ್ಲಿ ಜಾನ್ ಮೇಡಿ ಅದನ್ನು ಪ್ರಸ್ತಾಪಿಸಿದರು. 2009ರಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದ ಯಂತ್ರ 0.15 ನ್ಯಾನೊಮೀಟರ್ ತರಂಗದೂರದ ಎಕ್ಸ್-ಕಿರಣವನ್ನು ಇದೇ ರೀತಿಯಲ್ಲಿ ಹೊರಡಿಸಿತು. ಪರಮಾಣುವಿನ ಗಾತ್ರಕ್ಕೆ ಹತ್ತಿರದ ಅಲೆ ಅದು.

ಪ್ರಶ್ನೆ: ಎದುರಿನಿಂದ ಬಂದ ಲೇಸರ್ ಫೋಟಾನ್ (ಬೆಳಕಿನ ಕಣ) ಎಲೆಕ್ಟ್ರಾನಿಗೆ ಬಡಿದು ಹಿಂದಿರುಗುವಾಗ ಅದರ ಶಕ್ತಿ 'ಗ್ಯಾಮಾದ ವರ್ಗದ ಎರಡರಷ್ಟು' ಪಟ್ಟು ಹೆಚ್ಚುತ್ತದೆ ಎಂದು ಬರೆದಿದ್ದೀರಿ. ನಾಲ್ಕರಷ್ಟಲ್ಲವೇ? (ನಿವೃತ್ತ ಭೌತವಿಜ್ಞಾನ ಅಧ್ಯಾಪಕಿ)

ಉತ್ತರ: ನಾಲ್ಕರಷ್ಟೇ, ಮೇಡಂ. ತಪ್ಪಾಯಿತು. ಇಲ್ಲಿ ಗ್ಯಾಮಾ ಎಂದರೆ ಎಲೆಕ್ಟ್ರಾನಿನ ಒಟ್ಟು ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ.

ತಪ್ಪು ಎಲ್ಲಿಂದ ಬಂತು ಎಂದರೆ, ಅನ್‌ಡ್ಯುಲೇಟರ್ ಸೂತ್ರದಿಂದ. ಅಲ್ಲಿ ಕಾಂತಗಳು ಸುಮ್ಮನೆ ನಿಂತಿರುತ್ತವೆ. ಓಡುವ ಎಲೆಕ್ಟ್ರಾನಿಗೆ ಆ ಸಾಲು ಗ್ಯಾಮಾ ಪಟ್ಟು ಕುಗ್ಗಿದಂತೆ ಕಾಣುತ್ತದೆ. ಎಲೆಕ್ಟ್ರಾನ್ ಹೊರಸೂಸಿದ ಬೆಳಕನ್ನು ಎದುರಿಗೆ ನಿಂತವರು ನೋಡಿದಾಗ ಡಾಪ್ಲರ್ ಪರಿಣಾಮದಿಂದ ಇನ್ನೊಂದು ಎರಡು-ಗ್ಯಾಮಾ. ಗುಣಿಸಿದರೆ ಗ್ಯಾಮಾದ ವರ್ಗದ ಎರಡರಷ್ಟು. ಲೇಸರಾದರೋ ನಿಂತಿಲ್ಲ, ಎದುರಿಗೇ ನುಗ್ಗಿ ಬರುತ್ತಿದೆ. ಹಾಗಾಗಿ ಒಳಗೆ ಬರುವಾಗಲೂ ಎರಡು-ಗ್ಯಾಮಾ, ಹೊರಗೆ ಹೋಗುವಾಗಲೂ ಎರಡು-ಗ್ಯಾಮಾ. ಅಭ್ಯಾಸಬಲದಿಂದ ಕೈ ಹಳೆಯ ಸೂತ್ರವನ್ನೇ ಬರೆದುಬಿಟ್ಟಿತು.

ತಪ್ಪಿಗೆ ಪ್ರಾಯಶ್ಚಿತ್ತವಾಗಿ ಲೆಕ್ಕವನ್ನು ಸರಿಯಾಗಿ ಮಾಡೋಣ. ಅದೇ 5 ಕೋಟಿ ಎಲೆಕ್ಟ್ರಾನ್-ವೋಲ್ಟಿನ ಎಲೆಕ್ಟ್ರಾನಿಗೆ ಗ್ಯಾಮಾ ಸುಮಾರು 98. ವರ್ಗ ಮಾಡಿ ನಾಲ್ಕರಿಂದ ಗುಣಿಸಿದರೆ 38 ಸಾವಿರ. 1.2 ಎಲೆಕ್ಟ್ರಾನ್-ವೋಲ್ಟಿನ ಅವಕೆಂಪು ಫೋಟಾನ್ ಹೋಗಿ ಡಿಕ್ಕಿ ಹೊಡೆದರೆ ಸುಮಾರು 46 ಸಾವಿರ ಎಲೆಕ್ಟ್ರಾನ್-ವೋಲ್ಟಿನ ಎಕ್ಸ್-ಕಿರಣವಾಗಿ ಹಿಂದಿರುಗುತ್ತದೆ. ಎಲುಬಿನ ಚಿತ್ರ ತೆಗೆಯಲು ಒದಗುವ ಶಕ್ತಿಯದು. ಆ ಶಕ್ತಿ ಕೊಟ್ಟದ್ದು ಎಲೆಕ್ಟ್ರಾನ್, ಆದರೆ ತನ್ನ ಬಳಿ ಇದ್ದದ್ದರಲ್ಲಿ ಸಾವಿರದ ಒಂದು ಪಾಲೂ ಅದು ಕಳೆದುಕೊಂಡಿರುವುದಿಲ್ಲ.

ಈ ವಿಚಾರ ಹೊಸದೇನಲ್ಲ. ಲೇಸರ್ ಹುಟ್ಟಿದ್ದು 1960ರಲ್ಲಿ. 1963ರಲ್ಲೇ ಒಂದು ಕಡೆ ಮಿಲ್ಬರ್ನ್, ಇನ್ನೊಂದು ಕಡೆ ಅರುತ್ಯುನ್ಯಾನ್ ಮತ್ತು ತುಮಾನ್ಯಾನ್ ವೇಗವರ್ಧಕದ ಎಲೆಕ್ಟ್ರಾನುಗಳ ಮೇಲೆ ಲೇಸರ್ ಹಾಯಿಸಿ ಗ್ಯಾಮಾ ಕಿರಣ ಪಡೆಯಬಹುದೆಂದು ಬರೆದರು. ತೊಡಕು ಇರುವುದು ಡಿಕ್ಕಿಯ ವಿರಳತೆಯಲ್ಲಿ. ಒಂದು ಜೌಲ್ ಶಕ್ತಿಯ ಲೇಸರ್ ಮಿಡಿತದಲ್ಲಿ 5ರ ಮುಂದೆ 18 ಸೊನ್ನೆಗಳಷ್ಟು ಫೋಟಾನುಗಳಿರುತ್ತವೆ. ಅಷ್ಟನ್ನೂ ಮಿಲಿಮೀಟರಿನ ಹತ್ತನೇ ಒಂದು ಅಗಲದ ಚೌಕಕ್ಕೆ ತುರುಕಿದರೂ, ಅದರೊಳಗೆ ಹಾದುಹೋಗುವ 100 ಎಲೆಕ್ಟ್ರಾನುಗಳಲ್ಲಿ ಮೂರೋ ನಾಲ್ಕೋ ಮಾತ್ರ ಒಂದು ಫೋಟಾನನ್ನು ಚದುರಿಸುತ್ತವೆ. ಉಳಿದವುಗಳ ಪಾಲಿಗೆ ಅಲ್ಲಿ ಏನೂ ನಡೆದಿಲ್ಲ.

ಪ್ರಶ್ನೆ: ಎಲೆಕ್ಟ್ರಾನ್ ಕಿರಣ ಕಣ್ಣಿಗೆ ಕಾಣುತ್ತದೆಯೇ? (ಒಂಬತ್ತನೆಯ ತರಗತಿ ವಿದ್ಯಾರ್ಥಿನಿ)

ಉತ್ತರ: ನಿರ್ವಾತದಲ್ಲಿ ನೇರವಾಗಿ ಸಾಗುವಾಗ ಕಾಣುವುದಿಲ್ಲ. ದಾರಿಯಲ್ಲಿ ಹೊಳೆಯುವ ಹರಳಿನ ತೆರೆಯೊಂದನ್ನು ಇಳಿಸಿದರೆ ಅದರ ಮೇಲೆ ಚುಕ್ಕೆ ಬೆಳಗುತ್ತದೆ, ನಾವು ಅದನ್ನು ಕ್ಯಾಮೆರಾ ಮೂಲಕ ನೋಡುತ್ತೇವೆ. ಕಾಂತದಿಂದ ಬಾಗಿಸಿದರೆ ಮಾತ್ರ ಕಿರಣ ತಾನೇ ಬೆಳಕು ಚೆಲ್ಲುತ್ತದೆ. 1947ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಿಂಕ್ರೊಟ್ರಾನ್ ಎಂಬ ವೇಗವರ್ಧಕದ ಕೊಳವೆ ಪಾರದರ್ಶಕವಾಗಿದ್ದರಿಂದ ಅಲ್ಲಿದ್ದವರಿಗೆ ಆ ಬೆಳಕು ಕಣ್ಣಿಗೇ ಬಿತ್ತು. ಸಿಂಕ್ರೊಟ್ರಾನ್ ಬೆಳಕು ಎಂಬ ಹೆಸರು ಬಂದದ್ದು ಅಲ್ಲಿಂದ.

ಪ್ರಶ್ನೆ: ಲೇಸರ್, ಎಲೆಕ್ಟ್ರಾನ್ ಕಿರಣ ಎರಡೂ ಕೂದಲಿಗಿಂತ ತೆಳು, ಎರಡೂ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತಿರುತ್ತವೆ. ಅವನ್ನು ಒಂದೇ ಜಾಗದಲ್ಲಿ ಒಂದೇ ಕ್ಷಣಕ್ಕೆ ಸೇರಿಸುವುದು ಹೇಗೆ? (ಯಂತ್ರ ಕಾರ್ಖಾನೆಯ ಫಿಟ್ಟರ್)

ಉತ್ತರ: ಕೇಳಬೇಕಾದವರೇ ಕೇಳಿದ್ದೀರಿ. ಇಡೀ ವಿದ್ಯೆಯ ಮುಕ್ಕಾಲು ಭಾಗ ಫಿಟ್ಟರ್ ಕೆಲಸವೇ.

ಜಾಗವನ್ನು ಹೊಂದಿಸುವುದು ಸುಲಭದ ಭಾಗ. ನಾನು ಹೇಳಿದ ಹರಳಿನ ತೆರೆಯ ಮೇಲೆ ಎಲೆಕ್ಟ್ರಾನ್ ಚುಕ್ಕೆ ಎಲ್ಲಿ ಬಿತ್ತೆಂದು ಗುರುತು ಹಾಕಿಕೊಳ್ಳುತ್ತೇವೆ. ಅದೇ ತೆರೆಯ ಮೇಲೆ, ತುಂಬಾ ಮಂದವಾಗಿಸಿದ ಲೇಸರನ್ನೂ ಬೀಳಿಸಿ, ಕನ್ನಡಿ ತಿರುಗಿಸುತ್ತಾ ಎರಡು ಚುಕ್ಕೆಗಳನ್ನು ಒಂದರ ಮೇಲೊಂದು ತರುತ್ತೇವೆ.

ಕ್ಷಣ ಹೊಂದಿಸುವುದೇ ಕಷ್ಟ. ಒಂದು ಪಿಕೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿನಲ್ಲಿ, ಬೆಳಕು 0.3 ಮಿಲಿಮೀಟರ್ ಸಾಗುತ್ತದೆ. ಆದ್ದರಿಂದ ನಮ್ಮ ಗಡಿಯಾರ ಒಂದು ಜಾರುಪಟ್ಟಿ: ಅದರ ಮೇಲೆ ಕೂರಿಸಿದ ಜೋಡಿ ಕನ್ನಡಿಯನ್ನು ಒಂದು ಮಿಲಿಮೀಟರ್ ಹಿಂದಕ್ಕೆ ಸರಿಸಿದರೆ, ಹೋಗಿ ಬರುವ ದಾರಿ ಎರಡು ಮಿಲಿಮೀಟರ್ ಹೆಚ್ಚಿ ಲೇಸರ್ 6.7 ಪಿಕೊಸೆಕೆಂಡ್ ತಡವಾಗುತ್ತದೆ. ಮೊದಲು ಆಸಿಲೋಸ್ಕೋಪಿನಲ್ಲಿ (ವಿದ್ಯುತ್ ಸಂಕೇತಗಳನ್ನು ತೆರೆಯ ಮೇಲೆ ಗೆರೆಗಳಾಗಿ ತೋರಿಸುವ ಉಪಕರಣ) ಎರಡರ ಸಂಕೇತಗಳನ್ನು ನೋಡಿ ಒರಟಾಗಿ ಹತ್ತಿರ ತಂದು, ಆಮೇಲೆ ಪಟ್ಟಿಯನ್ನು ಚೂರು ಚೂರೇ ಸರಿಸುತ್ತಾ ಎಕ್ಸ್-ಕಿರಣದ ಎಣಿಕೆ ಏರುತ್ತದೆಯೇ ಎಂದು ಕಾಯುವುದು. ಕಾಯುವುದು ಎಂದರೆ ನಿಜವಾಗಿ ಕಾಯುವುದೇ. ಪ್ರತಿ ನಿಲುಗಡೆಯಲ್ಲೂ ಲೇಸರ್ ಹಾಕಿ ಎಣಿಸಬೇಕು, ಆರಿಸಿ ಎಣಿಸಬೇಕು, ಎರಡನ್ನೂ ಕಳೆಯಬೇಕು. ಕೊಳವೆಯಲ್ಲಿ ಉಳಿದ ಅನಿಲಕ್ಕೆ ಬಡಿದ ಎಲೆಕ್ಟ್ರಾನುಗಳೂ ಎಕ್ಸ್-ಕಿರಣ ಹುಟ್ಟಿಸುತ್ತವೆ, ಅವು ನಮ್ಮವೋ ಅಲ್ಲವೋ ಎಂದು ಹಣೆಯ ಮೇಲೆ ಬರೆದಿರುವುದಿಲ್ಲ.

ಒಮ್ಮೆ ಎರಡು ರಾತ್ರಿ ಪಾಳಿ ಪೂರ್ತಿ ಹೀಗೆ ಕಾದೆವು. ಪಟ್ಟಿಯ ಉದ್ದ 10 ಸೆಂಟಿಮೀಟರ್. ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ. ಎಣಿಕೆ ಒಂದಿಷ್ಟೂ ಕದಲಲಿಲ್ಲ. ಲೇಸರ್ ಸರಿಯಾಗಿದೆ, ಎಲೆಕ್ಟ್ರಾನ್ ಸರಿಯಾಗಿದೆ, ಆಸಿಲೋಸ್ಕೋಪಿನಲ್ಲಿ ಹಳದಿ ಗೆರೆಯೂ ನೀಲಿ ಗೆರೆಯೂ ಒಂದರ ಮೇಲೊಂದು ಚೆನ್ನಾಗಿ ಕೂತಿವೆ. ಎರಡನೆಯ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ತಂಡದಲ್ಲಿ ಅತಿ ಕಿರಿಯಳಾದ ವಿದ್ಯಾರ್ಥಿನಿ ಆಸಿಲೋಸ್ಕೋಪಿನ ಹಿಂಬದಿಗೆ ಟಾರ್ಚ್ ಬಿಟ್ಟು, "ಸರ್, ಈ ಎರಡು ಕೇಬಲ್ ಒಂದೇ ಉದ್ದದವಲ್ಲವಲ್ಲ?" ಎಂದಳು.

ಒಂದು ಕೇಬಲ್ ಇನ್ನೊಂದಕ್ಕಿಂತ 20 ಸೆಂಟಿಮೀಟರ್ ಹೆಚ್ಚು ಉದ್ದವಿತ್ತು. ಕೇಬಲಿನೊಳಗೆ ಸಂಕೇತ ಬೆಳಕಿನ ಮೂರನೇ ಎರಡು ಭಾಗದ ವೇಗದಲ್ಲಿ ಸಾಗುತ್ತದೆ. ಹಾಗಾಗಿ 20 ಸೆಂಟಿಮೀಟರ್ ಎಂದರೆ ಒಂದು ನ್ಯಾನೊಸೆಕೆಂಡ್, ಅಂದರೆ ಬೆಳಕಿನ ದಾರಿಯಲ್ಲಿ 30 ಸೆಂಟಿಮೀಟರ್, ಅಂದರೆ ಜಾರುಪಟ್ಟಿಯಲ್ಲಿ 15 ಸೆಂಟಿಮೀಟರ್. ನಮ್ಮ ಪಟ್ಟಿ ಇದ್ದದ್ದೇ 10. ಇಲ್ಲದ ಜಾಗದಲ್ಲಿ ಎರಡು ರಾತ್ರಿ ಹುಡುಕಿದ್ದೆವು. ಲೆಕ್ಕಕ್ಕೆ ತಿದ್ದುಪಡಿ ಮಾಡಿ ಕನ್ನಡಿಗಳನ್ನು ಮರುಜೋಡಿಸಿದ ಅರ್ಧ ಗಂಟೆಯಲ್ಲಿ ಎಣಿಕೆ ಏರಿತು. ಹಿಂದಿನ ವಾರ ತುದಿ ಸಡಿಲವಾಗಿದ್ದ ಆ ಕೇಬಲನ್ನು ಕಿತ್ತು, ಕೈಗೆ ಸಿಕ್ಕ ಇನ್ನೊಂದನ್ನು ಸಿಕ್ಕಿಸಿದವನು ನಾನೇ. ಪಾಳಿಯ ದಾಖಲೆ ಪುಸ್ತಕದಲ್ಲಿ ಅದನ್ನು ಬರೆದಿರಲಿಲ್ಲ.

ಪ್ರಶ್ನೆ: ಒಳ್ಳೆಯ ಎಲೆಕ್ಟ್ರಾನ್ ಕಿರಣವನ್ನು ಬೇಕೆಂದೇ ಲೇಸರಿನಿಂದ ಕೆಡಿಸುತ್ತಾರೆ ಎಂದು ಓದಿದೆ. ಇದೆಂಥ ಜಾಣತನ? (ಬ್ಯಾಂಕ್ ಉದ್ಯೋಗಿ)

ಉತ್ತರ: ಓದಿದ್ದು ಸರಿ. ಅದರ ಹೆಸರೇ ಲೇಸರ್ ಹೀಟರ್.

ಎಕ್ಸ್-ಕಿರಣ ಲೇಸರಿಗೆ ಎಲೆಕ್ಟ್ರಾನ್ ಗೊಂಚಲನ್ನು ತುಂಬಾ ಹಿಚುಕಬೇಕು. ಗೊಂಚಲಿನಲ್ಲಿ ಎಲ್ಲ ಎಲೆಕ್ಟ್ರಾನುಗಳ ಶಕ್ತಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಹಿಚುಕುವಾಗ ಅದರೊಳಗಿನ ಅತಿ ಸಣ್ಣ ಏರುಪೇರುಗಳೂ ಬೆಳೆದು ದೊಡ್ಡವಾಗುತ್ತವೆ. ಅಚ್ಚುಕಟ್ಟೇ ಇಲ್ಲಿ ಶತ್ರು. ಅದಕ್ಕೆ ಸ್ಲ್ಯಾಕ್‌ನಲ್ಲಿ, ಕಿರಣ ಇನ್ನೂ 13.5 ಕೋಟಿ ಎಲೆಕ್ಟ್ರಾನ್-ವೋಲ್ಟ್ ಮಟ್ಟದಲ್ಲಿರುವಾಗಲೇ, ಒಂದು ಗಿಡ್ಡ ಅನ್‌ಡ್ಯುಲೇಟರಿನಲ್ಲಿ ಅವಕೆಂಪು ಲೇಸರನ್ನು ಜೊತೆಗೂಡಿಸುತ್ತಾರೆ. ಕೆಲವು ಎಲೆಕ್ಟ್ರಾನುಗಳಿಗೆ ಸ್ವಲ್ಪ ಶಕ್ತಿ ಸೇರುತ್ತದೆ, ಕೆಲವುಗಳಿಂದ ಕಳೆಯುತ್ತದೆ. ವ್ಯತ್ಯಾಸ ಹತ್ತಾರು ಸಾವಿರ ಎಲೆಕ್ಟ್ರಾನ್-ವೋಲ್ಟ್ ಅಷ್ಟೇ. ಅಷ್ಟು ಅಸ್ತವ್ಯಸ್ತ ಸಾಕು, ಏರುಪೇರುಗಳು ಬೆಳೆಯುವ ಮೊದಲೇ ಕಲಸಿಹೋಗುತ್ತವೆ.

ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಅಂಶ. ಲೇಸರ್ ಸ್ವತಃ ಬಹಳ ಕ್ರಮಬದ್ಧ, ಅಲೆಗೊಂದು ಗುರುತನ್ನು ಕಿರಣದ ಮೇಲೆ ಒತ್ತಿಬಿಡುತ್ತದೆ. ಆ ಗುರುತೇ ಹೊಸ ಏರುಪೇರಾದರೆ? ಅದಕ್ಕಾಗಿ ಈ ಅನ್‌ಡ್ಯುಲೇಟರನ್ನು ಕಾಂತಗಳಿಂದ ಮಾಡಿದ ಒಂದು ಬಳಸುದಾರಿಯ ನಟ್ಟನಡುವೆ ಇಟ್ಟಿದ್ದಾರೆ. ಉಳಿದರ್ಧ ಬಳಸು ದಾಟುವಷ್ಟರಲ್ಲಿ ಆ ಗುರುತು ಅಳಿಸಿಹೋಗಿ, ಕಲಸಿದ್ದು ಮಾತ್ರ ಉಳಿಯುತ್ತದೆ.

ಪ್ರಶ್ನೆ: ಲೇಸರಿನಿಂದ ಕಿರಣವನ್ನು ಅಳೆಯಲು ಸಾಧ್ಯವೇ, ಅಥವಾ ಅಲುಗಿಸಲು ಮಾತ್ರವೇ? (ಎಂ.ಎಸ್‌ಸಿ. ವಿದ್ಯಾರ್ಥಿ)

ಉತ್ತರ: ಅಳತೆಯ ಕೆಲಸವೇ ಹಳೆಯದು, ನನ್ನ ದೃಷ್ಟಿಯಲ್ಲಿ ಹೆಚ್ಚು ಸ್ವಾರಸ್ಯದ್ದೂ ಹೌದು. ಜಪಾನಿನ ತ್ಸುಕುಬಾದಲ್ಲಿರುವ ಪ್ರಯೋಗಾಲಯದಲ್ಲಿ 40 ನ್ಯಾನೊಮೀಟರಿನ ಆಸುಪಾಸಿನಷ್ಟು ತೆಳ್ಳಗಿನ ಕಿರಣವನ್ನು ಅಳೆದಿದ್ದಾರೆ. ಅಳತೆಗೆಂದು ಕಿರಣಕ್ಕೆ ಅಡ್ಡ ಹಿಡಿಯುವ ಯಾವ ತಂತಿಯೂ ಅಲ್ಲಿ ತಾಳುವುದಿಲ್ಲ. ಒಂದೇ ಹಸಿರು ಲೇಸರನ್ನು ಎರಡಾಗಿ ಸೀಳಿ ಎದುರುಬದುರು ಬಿಟ್ಟು ಬೆಳಕು–ಕತ್ತಲೆಯ ಪಟ್ಟೆಗಳನ್ನು ಮೂಡಿಸಿದರೆ ಅದೇ ಅಳತೆಪಟ್ಟಿ. ಪಟ್ಟೆಗಳನ್ನು ಸರಿಸುತ್ತಾ ಹೋದಾಗ ಕಿರಣ ಪಟ್ಟೆಗಿಂತ ತೆಳುವಾಗಿದ್ದರೆ ಚದುರಿ ಬರುವ ಗ್ಯಾಮಾ ಕಿರಣ ಏರಿ ಇಳಿಯುತ್ತದೆ, ದಪ್ಪವಾಗಿದ್ದರೆ ಸಮವಾಗಿರುತ್ತದೆ. ಇದನ್ನು ರೂಪಿಸಿದವರು ಶಿಂಟಾಕೆ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಎಲ್‌ಇಪಿ ಎಂಬ ವರ್ತುಲಾಕಾರದ ಎಲೆಕ್ಟ್ರಾನ್ ಯಂತ್ರದ ಕಥೆಯಂತೂ ಹೇಳಲೇಬೇಕು. ಅದರ ಸುತ್ತಳತೆ 26.7 ಕಿಲೋಮೀಟರ್. ವೃತ್ತ ಧ್ರುವೀಕರಿಸಿದ (ವಿದ್ಯುತ್ ಕ್ಷೇತ್ರ ಸುತ್ತುತ್ತಾ ಸಾಗುವ) ಲೇಸರ್ ಬೆಳಕನ್ನು ಕಿರಣಕ್ಕೆ ಬಡಿದು ಎಲೆಕ್ಟ್ರಾನುಗಳ ಗಿರಕಿ (ಸ್ಪಿನ್) ಯಾವ ದಿಕ್ಕಿಗಿದೆ ಎಂದು ನೋಡುತ್ತಿದ್ದರು. ಸಣ್ಣ ಕಾಂತಕ್ಷೇತ್ರವೊಂದರ ಆವರ್ತನವನ್ನು ಬದಲಿಸುತ್ತಾ ಹೋದಾಗ, ಯಾವ ಆವರ್ತನದಲ್ಲಿ ಗಿರಕಿಗಳ ಸಾಲು ಚದುರುತ್ತದೆಯೋ ಅದರಿಂದ ಕಿರಣದ ಶಕ್ತಿ ಅತಿ ನಿಖರವಾಗಿ ಸಿಗುತ್ತಿತ್ತು. ಹೀಗೆ ಅಳೆದಾಗ ಶಕ್ತಿ ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತಿರುವುದು ಕಂಡಿತು. ಕಾರಣ ಚಂದ್ರ. ಸಮುದ್ರವನ್ನು ಉಬ್ಬಿಸುವ ಹಾಗೆಯೇ ಅವನು ನೆಲವನ್ನೂ ಉಬ್ಬಿಸುತ್ತಾನೆ, ಅಷ್ಟು ದೊಡ್ಡ ವರ್ತುಲದ ಸುತ್ತಳತೆ ಸುಮಾರು ಒಂದು ಮಿಲಿಮೀಟರ್ ಬದಲಾಗುತ್ತಿತ್ತು. ಆಮೇಲೆ ಇನ್ನೊಂದು ಗದ್ದಲವೂ ಪತ್ತೆಯಾಯಿತು. ಹತ್ತಿರದ ಹಳಿಯ ಮೇಲೆ ಓಡುವ ವಿದ್ಯುತ್ ರೈಲುಗಳ ಸೋರಿಕೆ ಪ್ರವಾಹ ಯಂತ್ರದ ಕೊಳವೆಯಲ್ಲಿ ಹರಿದು ಕಾಂತಗಳನ್ನು ಕದಲಿಸುತ್ತಿತ್ತು.

ಪ್ರಶ್ನೆ: ಇನ್ನು ಕೆಲವೇ ವರ್ಷಗಳಲ್ಲಿ ಮೇಜಿನ ಮೇಲೆ ಕೂರುವ ವೇಗವರ್ಧಕಗಳು ಬರುತ್ತವಂತೆ. ನಿಜವೇ? (ಇಬ್ಬರು ಓದುಗರು)

ಉತ್ತರ: ವೇಗವರ್ಧಿಸುವ ಭಾಗ ಮೇಜಿನ ಮೇಲೆ ಆಗಲೇ ಕೂತಿದೆ. ಅದರ ಪಕ್ಕದ ಲೇಸರ್ ಮಾತ್ರ ಒಂದಿಡೀ ಕೋಣೆ ತುಂಬುತ್ತದೆ. ಸುದ್ದಿಯಲ್ಲಿ ಈ ಎರಡನೆಯ ವಾಕ್ಯ ಬಿಟ್ಟುಹೋಗಿರುತ್ತದೆ.

ಪ್ಲಾಸ್ಮಾದೊಳಗೆ ಲೇಸರ್ ಮಿಡಿತ ನುಗ್ಗಿದರೆ, ದೋಣಿಯ ಹಿಂದೆ ಅಲೆ ಏಳುವಂತೆ, ಅದರ ಹಿಂದೆ ವಿದ್ಯುದಾವೇಶದ ಅಲೆ ಏಳುತ್ತದೆ. ಎಲೆಕ್ಟ್ರಾನ್ ಆ ಅಲೆಯ ಮೇಲೆ ಸವಾರಿ ಮಾಡಬಹುದೆಂದು 1979ರಲ್ಲಿ ತಜಿಮಾ ಮತ್ತು ಡಾಸನ್ ಬರೆದರು. ಬೇಕಾದಷ್ಟು ತೀವ್ರ ಲೇಸರ್ ಸಿಕ್ಕಿದ್ದು 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ ಎಂಬ ವಿಜ್ಞಾನಿಗಳು ಲೇಸರ್ ಮಿಡಿತವನ್ನು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವ ಉಪಾಯ ಕಂಡುಹಿಡಿದ ಮೇಲೆ. 2006ರಲ್ಲಿ ಬರ್ಕ್ಲಿಯ ತಂಡ 3.3 ಸೆಂಟಿಮೀಟರಿನಲ್ಲಿ 100 ಕೋಟಿ ಎಲೆಕ್ಟ್ರಾನ್-ವೋಲ್ಟ್ ಮುಟ್ಟಿತು. 2019ರಲ್ಲಿ 20 ಸೆಂಟಿಮೀಟರಿನಲ್ಲಿ 780 ಕೋಟಿ. ಗಾಜಿನ ಜಾಲರಿಯ ವಂಶದ ಯಂತ್ರಗಳು ಇನ್ನೂ ಕೂಸುಗಳು. 2023ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಅರ್ಧ ಮಿಲಿಮೀಟರ್ ಉದ್ದದ ಚಿಪ್ಪೊಂದು ಎಲೆಕ್ಟ್ರಾನುಗಳನ್ನು 28.4 ಸಾವಿರದಿಂದ 40.7 ಸಾವಿರ ಎಲೆಕ್ಟ್ರಾನ್-ವೋಲ್ಟಿಗೆ ಏರಿಸಿತು.

ಶಕ್ತಿಯ ಅಂಕಿಗಳಿಗೆ ನಾನು ಈಗ ಬೆರಗಾಗುವುದಿಲ್ಲ. ಪ್ರತಿ ಮಿಡಿತವೂ ಹಿಂದಿನದರ ಹಾಗೆಯೇ ಇರುತ್ತದೆಯೇ, ಸೆಕೆಂಡಿಗೆ ಎಷ್ಟು ಸಲ, ಎಷ್ಟು ಗಂಟೆ ಎಡೆಬಿಡದೆ? ಇವನ್ನು ಕೇಳುತ್ತೇನೆ. ಹ್ಯಾಂಬರ್ಗ್ ಬಳಿಯ 3.4 ಕಿಲೋಮೀಟರ್ ಉದ್ದದ ಎಕ್ಸ್-ಕಿರಣ ಯಂತ್ರ ಸೆಕೆಂಡಿಗೆ 27 ಸಾವಿರ ಮಿಡಿತ ಕೊಡಬಲ್ಲದು. 2021ರಲ್ಲಿ ಶಾಂಘೈಯ ತಂಡ ಪ್ಲಾಸ್ಮಾದಿಂದ ಬಂದ ಎಲೆಕ್ಟ್ರಾನುಗಳಿಂದಲೇ 27 ನ್ಯಾನೊಮೀಟರಿನ ಬೆಳಕನ್ನು ವರ್ಧಿಸಿ ತೋರಿಸಿದಾಗ ಮಾತ್ರ ನಾನು ಕುರ್ಚಿಯಿಂದ ಎದ್ದೆ. ಅದು ಕಿರಣದ ಗುಣದ ಸುದ್ದಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಳೆಯ ಕಾಲದ ಡಬ್ಬಿ ಟಿ.ವಿ. ಇದೆ. ಅದರೊಳಗಿನ ಎಲೆಕ್ಟ್ರಾನ್ ಕಿರಣಕ್ಕೆ ಲೇಸರ್ ಪೆನ್ ಬಿಟ್ಟರೆ ಚಿತ್ರ ಅಲ್ಲಾಡುತ್ತದೆಯೇ? (ಹೆಸರು ಬರೆದಿಲ್ಲ)

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ಕೊಳವೆಯ ಕುತ್ತಿಗೆಯಾಚೆಗಿನ ಗಾಜಿಗೆ ಕಪ್ಪು ಲೇಪವಿರುತ್ತದೆ, ಮುಂಭಾಗದಲ್ಲಿ ಹೊಳೆಯುವ ಪುಡಿಯ ಹಿಂದೆ ಅಲ್ಯೂಮಿನಿಯಂ ಪೊರೆಯಿರುತ್ತದೆ. ಬೆಳಕು ಒಳಗೆ ಹೋಗುವುದೇ ಕಷ್ಟ. ಅವೆರಡೂ ಇಲ್ಲವೆಂದು ಇಟ್ಟುಕೊಂಡೇ ಲೆಕ್ಕ ಹಾಕಿದೆ. 5 ಮಿಲಿವಾಟಿನ ಕೆಂಪು ಪೆನ್, 20 ಸಾವಿರ ವೋಲ್ಟಿನ ಕೊಳವೆ, ಒಂದು ಮಿಲಿಆಂಪಿಯರ್ ಪ್ರವಾಹ, ಎರಡೂ ಒಂದು ಮಿಲಿಮೀಟರ್ ದಪ್ಪವಿದ್ದು ಒಂದನ್ನೊಂದು ಅಡ್ಡ ಹಾಯುತ್ತವೆ ಎಂದುಕೊಳ್ಳಿ. ಪೆನ್ನಿನಿಂದ ಸೆಕೆಂಡಿಗೆ 16ರ ಮುಂದೆ 15 ಸೊನ್ನೆಗಳಷ್ಟು ಫೋಟಾನು, ಅತ್ತ 6ರ ಮುಂದೆ 15 ಸೊನ್ನೆಗಳಷ್ಟು ಎಲೆಕ್ಟ್ರಾನು. ಇಷ್ಟು ದೊಡ್ಡ ಜಾತ್ರೆಯಲ್ಲಿ ಒಂದಕ್ಕೊಂದು ತಗಲುವುದು ಹತ್ತು ಹನ್ನೆರಡು ಸೆಕೆಂಡಿಗೆ ಒಂದೇ ಜೋಡಿ.

ಚಿತ್ರ ಅಲ್ಲಾಡುವುದಿಲ್ಲ. ಪೆನ್ನಿನ ಬೆಳಕು ಗಾಜಿನಿಂದ ಹೊರಳಿ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ. ಟಿ.ವಿ.ಯ ಹಿಂದಿನ ಮುಚ್ಚಳವನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೊಳವೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.